ವೇಗವೂ ಮಿತವ್ಯಯವೂ

ಮಲೆನಾಡಿನ ಒಂದು ಗೃಹಸ್ಥ ಕುಟುಂಬವನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಮನೆಯು ಮೂಡಿಗೆರೆಯ ಕಡೆಯ ಕಾಫಿತೋಟದಲ್ಲಿ. ಮಗನ ಉದ್ಯೋಗವು ಚಿಕ್ಕಮಗಳೂರಿನಲ್ಲಿ. ಹೋಗುವುದಕ್ಕೆ ಸುಮಾರು 30 ಕಿಲೋಮೀಟರು, ಬರುವುದಕ್ಕೂ ಅಷ್ಟೇ. ತರುಣನು ತನ್ನ ಸಂಪಾದನೆಯ ಹಣದಿಂದ ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದಾನೆ. ಕ್ಷಣಮಾತ್ರದಲ್ಲಿ ನೂರು ಕಿಲೋಮೀಟರಿನ ವೇಗಕ್ಕೆ ನೆಗೆಯಬಲ್ಲ ಗಾಡಿ ಅದು. ಆದರೆ ಅವನು ಅದನ್ನು ಹದವಾಗಿ ಓಡಿಸುತ್ತಾನೆ; ಟ್ಯಾಂಕನ್ನು ತುಂಬಿಸಿದಾಗಲೆಲ್ಲ ಲೀಟರನ್ನೂ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಮನೆಯ ಅಜ್ಜಯ್ಯನವರು ಇದನ್ನು ಕಂಡು ನಗುತ್ತಾರೆ: “ಆನೆಯನ್ನು ಕೊಂಡವನು ಅಂಕುಶಕ್ಕೆ ಚೌಕಾಶಿ ಮಾಡಿದ ಹಾಗಾಯಿತಲ್ಲೋ ಮಗಾ!”

ಅಜ್ಜಯ್ಯನವರ ಮಾತು ವಿನೋದದ್ದೇ ಆದರೂ ಅದರಲ್ಲಿ ಒಂದು ಧರ್ಮಸೂಕ್ಷ್ಮವು ಅಡಗಿದೆ. ಬಲವನ್ನು ಹಣ ಕೊಟ್ಟು ತಂದುಕೊಂಡವನು ಆ ಬಲವನ್ನು ಉಪಯೋಗಿಸದೆ ಹಿಡಿದಿಡುವುದು ಸದ್ಗುಣವೋ, ಅಥವಾ ಬರಿಯ ಆತ್ಮವಂಚನೆಯೋ? ದುಂದಿನಿಂದ ಬಂದ ವಸ್ತುವಿನಲ್ಲಿ ಮಿತವ್ಯಯವೆಂಬುದು ಸಾಧ್ಯವೇ? ಈ ಪ್ರಶ್ನೆಯು ಕಾರಿಗೆ ಮಾತ್ರ ಸಂಬಂಧಿಸಿದುದಲ್ಲ. ಆದರೆ ಕಾರಿನಲ್ಲಿ ಅದನ್ನು ಲೀಟರುಗಳಿಂದ ಅಳೆಯಬಹುದಾದುದರಿಂದ, ವಿಚಾರಕ್ಕೆ ಅದು ಅನುಕೂಲವಾದ ದೃಷ್ಟಾಂತ.

ಮೊದಲು ಯಂತ್ರದ ಸ್ವಭಾವವನ್ನು ತಿಳಿಯಬೇಕು. ಪೆಟ್ರೋಲಿನ ವೆಚ್ಚದಲ್ಲಿ ಎರಡು ಬಗೆಯುಂಟು: ತಪ್ಪಿಸಲಾಗದ ವ್ಯಯ ಒಂದು, ತಪ್ಪಿಸಬಹುದಾದ ದುರ್ವ್ಯಯ ಇನ್ನೊಂದು. ಸವಾರನೂ ಸೇರಿ 1500 ಕಿಲೋಗ್ರಾಂ ತೂಗುವ ಗಾಡಿಯು 1000 ಮೀಟರು ಎತ್ತರಕ್ಕೆ ಏರಬೇಕಾದರೆ, ಆ ಏರಿಕೆಗೆಂದೇ ಸುಮಾರು ಒಂದೂಮುಕ್ಕಾಲು ಲೀಟರು ಪೆಟ್ರೋಲು ಬೇಕಾಗುತ್ತದೆ. ಏಕೆಂದರೆ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಪಾಲು ಮಾತ್ರವೇ ಚಕ್ರಗಳಿಗೆ ತಲಪುತ್ತದೆ, ಉಳಿದುದು ಬಹುಮಟ್ಟಿಗೆ ಶಾಖವಾಗಿ ಹೋಗುತ್ತದೆ. ಈ ತೆರಿಗೆಯನ್ನು ಬೆಟ್ಟವು ಎಲ್ಲರಿಂದಲೂ ವಸೂಲು ಮಾಡುತ್ತದೆ. ಮೆಲ್ಲಗೆ ಏರಿದವನಿಗೂ ವಿನಾಯಿತಿಯಿಲ್ಲ. ಗಾಳಿಯ ತೆರಿಗೆಯಾದರೋ ಹಾಗಲ್ಲ. ಗಾಳಿಯು ಒಡ್ಡುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 80 ಕಿಲೋಮೀಟರಿನ ವೇಗವನ್ನು 120ಕ್ಕೆ ಏರಿಸಿದರೆ ವೇಗವು ಒಂದೂವರೆಯಷ್ಟು ಆಯಿತು. ತಡೆಯಾದರೋ ಎರಡೂಕಾಲರಷ್ಟು ಆಯಿತು. ಬ್ರೇಕಿನ ವಿಷಯವೂ ಇಂಥದೇ. 80ರ ವೇಗದಲ್ಲಿರುವ ಗಾಡಿಯ ಚಲನಶಕ್ತಿಯು 40ರ ವೇಗದಲ್ಲಿರುವುದರ ನಾಲ್ಕರಷ್ಟು. ತಿರುವಿನವರೆಗೆ ಧಾವಿಸಿ ಅಲ್ಲಿ ಬ್ರೇಕನ್ನು ಒತ್ತುವವನು, ತಾನೇ ಹಣ ಕೊಟ್ಟು ಕೊಂಡ ಶಕ್ತಿಯನ್ನು ತಾನೇ ಬಿಸಿಮಾಡಿ ಗಾಳಿಗೆ ಬಿಡುತ್ತಾನೆ. ಮಲೆನಾಡಿನ ರಸ್ತೆಯಲ್ಲಿ ತಿರುವುಗಳಿಗೇನೂ ಕೊರತೆಯಿಲ್ಲ.

ಆದಕಾರಣ ಮಿತವಾಗಿ ಓಡಿಸುವ ವಿದ್ಯೆಯೆಂದರೆ ಬಹುಮಟ್ಟಿಗೆ ಮುಂದಾಲೋಚನೆಯ ವಿದ್ಯೆ. ದೂರದ ತಿರುವನ್ನು ಕಂಡೊಡನೆಯೇ ಕಾಲನ್ನು ಸಡಿಲಿಸುವುದು, ಎಂಜಿನ್ನು ಗೋಳಿಡುವ ಮೊದಲೇ ಮೇಲಿನ ಗೇರಿಗೆ ಹೋಗುವುದು, ಟಯರಿನ ಗಾಳಿಯನ್ನು ಸರಿಯಾಗಿಟ್ಟಿರುವುದು, ಬೇಡದ ಭಾರವನ್ನು ಹೇರದಿರುವುದು, ನಿಂತಲ್ಲಿ ಎಂಜಿನ್ನನ್ನು ನಿಲ್ಲಿಸುವುದು: ಇವೆಲ್ಲವೂ ಬಡವನ ಕಾರಿಗೆ ಹೇಗೋ ಸ್ಪೋರ್ಟ್ಸ್ ಕಾರಿಗೂ ಹಾಗೆಯೇ. ವಿಶೇಷವೇನೆಂದರೆ, ಸಣ್ಣ ಕಾರಿನವನಿಗೆ ಎಂಜಿನ್ನೇ ಮಿತಿಯನ್ನು ವಿಧಿಸುತ್ತದೆ. ಸ್ಪೋರ್ಟ್ಸ್ ಕಾರಿನವನು ಮಿತಿಯನ್ನು ತಾನೇ ವಿಧಿಸಿಕೊಳ್ಳಬೇಕು. ಅವನ ಕಾಲಿನ ಕೆಳಗೆ ಪ್ರಲೋಭನವು ಸದಾ ಸಿದ್ಧವಾಗಿರುತ್ತದೆ.

ಈಗ ಪೂರ್ವಪಕ್ಷಗಳನ್ನು ವಿಚಾರಿಸೋಣವಾಗಲಿ. ಮೊದಲನೆಯದು ಅಜ್ಜಯ್ಯನವರದು: ಮಿತವ್ಯಯ ಬೇಕಾಗಿದ್ದರೆ ಸಣ್ಣ ಕಾರನ್ನು ಕೊಳ್ಳಬೇಕಾಗಿತ್ತು; ದೊಡ್ಡದನ್ನು ಕೊಂಡು ತೊಟ್ಟು ಲೆಕ್ಕ ಹಾಕುವುದು ಹಾಸ್ಯಾಸ್ಪದ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಕೊಳ್ಳುವಾಗಿನ ದುಂದನ್ನು ಓಡಿಸುವಾಗಿನ ಉಳಿತಾಯವು ಅಳಿಸಿಹಾಕಲಾರದು. ಆದರೆ ಕೊಂಡದ್ದು ಒಂದು ಕರ್ಮ, ಓಡಿಸುವುದು ದಿನದಿನವೂ ಹೊಸದಾಗಿ ಮಾಡುವ ಕರ್ಮ. ಒಂದು ಸಲ ದುಂದು ಮಾಡಿದವನು ಆ ಮಾತಿಗೆ ಕಟ್ಟುಬಿದ್ದು ಕಡೆಯವರೆಗೂ ದುಂದುಗಾರನಾಗಿಯೇ ಇರಬೇಕೆಂಬ ವಿಧಿಯು ಎಲ್ಲಿಯೂ ಇಲ್ಲ. ಹಾಗೊಂದು ವಿಧಿಯಿದ್ದಿದ್ದರೆ ಪಶ್ಚಾತ್ತಾಪವೆಂಬ ಪದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಗಾದೆಯನ್ನು ಇನ್ನೂ ಸ್ವಲ್ಪ ಯೋಚಿಸಿದರೆ ಅದು ತರುಣನ ಪರವಾಗಿಯೇ ನಿಲ್ಲುತ್ತದೆ. ಆನೆಯುಳ್ಳವನಿಗೆ ಅಂಕುಶದ ಚಿಂತೆಯು ಅಲ್ಪವಲ್ಲ. ಕರುವನ್ನು ಸಾಕಿದವನಿಗೆ ಅಂಕುಶವೇ ಬೇಡ.

ಎರಡನೆಯ ಪೂರ್ವಪಕ್ಷವು ಹಣವುಳ್ಳವರದು: “ಪೆಟ್ರೋಲಿಗೆ ಬೆಲೆ ಕೊಟ್ಟವನು ನಾನು, ಅದನ್ನು ಹೇಗೆ ಸುಟ್ಟರೆ ಯಾರಿಗೇನು?” ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಕಳಸದ ಹತ್ತಿರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರೆಲ್ಲರಿಗೂ ಅನ್ನವನ್ನು ಬಡಿಸುತ್ತಾರೆ. ಅಲ್ಲಿ ಸಿರಿವಂತನೊಬ್ಬನು ಅನ್ನವನ್ನು ಚೆಲ್ಲಿ ಎದ್ದರೆ, “ಕಾಣಿಕೆ ಹಾಕಿದ್ದೇನೆ” ಎಂಬ ಅವನ ಸಮಾಧಾನವನ್ನು ಪಕ್ಕದ ಪಂಕ್ತಿಯವರು ಒಪ್ಪುವರೆ? ಬೆಲೆಯನ್ನು ಕೊಟ್ಟದ್ದರಿಂದ ವಸ್ತುವಿನ ಮೇಲೆ ಹಕ್ಕು ಬರುವುದೇ ಹೊರತು ಅದನ್ನು ಹಾಳುಮಾಡಿದ ದೋಷವು ಹೋಗುವುದಿಲ್ಲ. ಅನ್ನವು ಒಂದು ವರ್ಷದ ಬೆಳೆ. ಮುಂದಿನ ವರ್ಷ ಮತ್ತೆ ಬಂದೀತು. ನೆಲದಡಿಯ ತೈಲವು ಕೋಟ್ಯಂತರ ವರ್ಷಗಳ ಬೆಳೆ. ಸುಟ್ಟದ್ದು ಮರಳಿ ಬಾರದು. ಭಾರತವು ತನಗೆ ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಲೆಕ್ಕವನ್ನು ಒಂದಿಷ್ಟು ಬಿಡಿಸಿ ನೋಡುವುದು ಲೇಸು. ದಿನಕ್ಕೆ 60 ಕಿಲೋಮೀಟರು, ತಿಂಗಳಿಗೆ 25 ದಿನ. ಒಟ್ಟು 1500 ಕಿಲೋಮೀಟರು. ಲೀಟರಿಗೆ 9 ಕಿಲೋಮೀಟರು ಓಡುತ್ತಿದ್ದ ಕಾರು ಹದವಾದ ಸವಾರಿಯಿಂದ 12 ಓಡಿತೆಂದು ಇಟ್ಟುಕೊಂಡರೆ, 167 ಲೀಟರಿನ ವೆಚ್ಚವು 125ಕ್ಕೆ ಇಳಿಯುತ್ತದೆ. ಉಳಿದದ್ದು 42 ಲೀಟರು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಆದ್ದರಿಂದ ತಿಂಗಳಿಗೆ ಹತ್ತಿರಹತ್ತಿರ 100 ಕಿಲೋಗ್ರಾಂ, ಎಂದರೆ ಎರಡು ಮೂಟೆ ಕಾಫಿಯ ತೂಕದಷ್ಟು ಹೊಗೆಯು ಆಕಾಶಕ್ಕೆ ಸೇರದೆ ಉಳಿಯಿತು. ಇದಕ್ಕಾಗಿ ಅವನು ತೆತ್ತದ್ದೇನು? ಗಂಟೆಗೆ 60ರ ಸರಾಸರಿಗೆ ಬದಲಾಗಿ 50ರಂತೆ ಬಂದರೆ 30 ಕಿಲೋಮೀಟರಿನ ದಾರಿಗೆ ಆರು ನಿಮಿಷ ಹೆಚ್ಚಾಯಿತು. ಆ ಆರು ನಿಮಿಷಗಳನ್ನು ಉಳಿಸಿಕೊಂಡವರು ಅದರಿಂದ ಏನನ್ನು ಸಾಧಿಸಿದರೆಂದು ಕೇಳಿದರೆ ಬಹುಮಂದಿಯಲ್ಲಿ ಉತ್ತರವಿರುವುದಿಲ್ಲ.

ಕಾಫಿಯ ನಾಡಿನವರಿಗೆ ಆಕಾಶದ ಮಾತು ಪರರ ಮಾತಲ್ಲ. ಬೇಸಗೆಯಲ್ಲಿ ಹೂಮಳೆಯು ಸಕಾಲಕ್ಕೆ ಬಂದರೆ ಗಿಡವು ಹೂವಾಗುತ್ತದೆ. ತಪ್ಪಿದರೆ ವರ್ಷದ ಫಸಲೇ ತಪ್ಪುತ್ತದೆ. 2019ರ ಆಗಸ್ಟ್ ತಿಂಗಳಿನ ಮಳೆಗೆ ಮೂಡಿಗೆರೆಯ ಸೀಮೆಯಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದುದನ್ನು, ಚಾರ್ಮಾಡಿ ಘಾಟಿಯ ಸಂಚಾರವು ನಿಂತುಹೋದುದನ್ನು ಕಂಡವರು ಮರೆತಿಲ್ಲ. ಒಂದು ಕಾರಿನ ಹೊಗೆಯಿಂದ ಒಂದು ಗುಡ್ಡವು ಜರಿಯಿತೆಂದು ಹೇಳಿದರೆ ಅದು ಅವಿವೇಕ. ಆದರೆ ಭೂಮಿಯ ಬಿಸಿಯು ಏರಿದಂತೆಲ್ಲ ಅತಿವೃಷ್ಟಿಯ ಬಿರುಸು ಹೆಚ್ಚುವುದೆಂಬುದು ವಿಜ್ಞಾನವು ಒಪ್ಪಿದ ಮಾತು. ಹನಿಹನಿಯಾಗಿ ಸೇರಿದ ದೋಷದಲ್ಲಿ ಯಾವ ಹನಿಯೂ ತಾನು ಕಾರಣವಲ್ಲವೆಂದು ಹೇಳಿಕೊಳ್ಳಬಲ್ಲದು. ಹಾಗೆ ಹೇಳಿಕೊಳ್ಳುವುದರಿಂದಲೇ ಕೊಡವು ತುಂಬುವುದು.

ಮೂರನೆಯ ಪೂರ್ವಪಕ್ಷವು ಎಲ್ಲಕ್ಕಿಂತ ಬಲವಾದುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸನು 1865ರಲ್ಲಿ ಕಲ್ಲಿದ್ದಲನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟನು. ಕಡಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ಮಾಡುವ ಉಗಿಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಖರ್ಚು ತಗ್ಗಲಿಲ್ಲ. ಯಂತ್ರಗಳು ಅಗ್ಗವಾಗಿ ನಡೆಯತೊಡಗಿ, ಎಲ್ಲೆಲ್ಲಿಯೂ ಹರಡಿ, ಖರ್ಚು ಮತ್ತೂ ಏರಿತು. ತರುಣನಿಗೂ ಈ ಅಪಾಯವುಂಟು. ವಾರವೆಲ್ಲ ಮಿತವಾಗಿ ಓಡಿಸಿ ಉಳಿಸಿದ ಪೆಟ್ರೋಲನ್ನು ಭಾನುವಾರ ಸುಮ್ಮನೆ ಕುದುರೆಮುಖದ ಕಡೆಗೆ ಸುತ್ತಿಬರಲು ಸುಟ್ಟರೆ, ಪುಸ್ತಕದಲ್ಲಿ ಲೀಟರಿಗೆ ಇಷ್ಟು ಕಿಲೋಮೀಟರೆಂಬ ಅಂಕೆಯು ಅಂದವಾಗಿಯೇ ಇರುತ್ತದೆ, ಉಳಿತಾಯ ಮಾತ್ರ ಇರುವುದಿಲ್ಲ. ಆದುದರಿಂದ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಅಂಕಣವು ಅವಶ್ಯಕ: ತಿಂಗಳಿಗೆ ಒಟ್ಟು ಎಷ್ಟು ಲೀಟರು? ಮೊದಲನೆಯ ಅಂಕೆಯು ಚಾಲಕನ ಜಾಣತನವನ್ನು ಹೇಳುತ್ತದೆ. ಎರಡನೆಯದು ಮನುಷ್ಯನ ಸಂಯಮವನ್ನು ಹೇಳುತ್ತದೆ. ಎರಡೂ ಒಂದೇ ಎಂದು ಭ್ರಮಿಸಬಾರದು.

ಬಲಾತ್ಕಾರದ ಮಿತವ್ಯಯವನ್ನು ಲೋಕವು ಹಿಂದೆಯೂ ಕಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಈ ದೇಶದಲ್ಲಿ ಪೆಟ್ರೋಲಿಗೆ ಪಡಿತರವು ಬಂದಿತು. ಬಸ್ಸುಗಳಿಗೆ ಒಲೆಯಂತಹ ಕೊಳವೆಯನ್ನು ಕಟ್ಟಿ, ಇದ್ದಿಲಿನಿಂದ ಹೊರಟ ಅನಿಲದಿಂದ ಓಡಿಸಿದರು. ಏರು ಬಂದಲ್ಲಿ ಅವು ಏದುಸಿರು ಬಿಡುತ್ತಿದ್ದವು. 1973ರಲ್ಲಿ ತೈಲದ ಬೆಲೆಯು ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕರಷ್ಟಾದಾಗ, ಅಮೆರಿಕದವರು ಮರುವರ್ಷವೇ ತಮ್ಮ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿನ ಮಿತಿಯನ್ನು ವಿಧಿಸಿಕೊಂಡರು; 1995ರಲ್ಲಿ ಅದನ್ನು ತೆಗೆದುಹಾಕಿದರು. ಅಭಾವವು ಕಲಿಸಿದ ಪಾಠವನ್ನು ಸಮೃದ್ಧಿಯು ಬಂದೊಡನೆ ಮರೆಯುವುದು ಮನುಷ್ಯಸ್ವಭಾವ. ಹಾಗಾದರೆ ಅದು ಗುಣವಲ್ಲ, ಪರಿಸ್ಥಿತಿ. ಅಭಾವವಿಲ್ಲದಾಗಲೂ ಉಳಿಯುವುದು ಯಾವುದೋ ಅದೇ ಗುಣ.

ಮಿತವ್ಯಯಕ್ಕೂ ಲೋಭಕ್ಕೂ ಇರುವ ಅಂತರವನ್ನು ಘಾಟಿಯ ಇಳಿಜಾರು ಚೆನ್ನಾಗಿ ತೋರಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಕೆಲವರು ಪೆಟ್ರೋಲು ಉಳಿಯಲೆಂದು ಗಾಡಿಯನ್ನು ನ್ಯೂಟ್ರಲಿಗೆ ಹಾಕುವುದುಂಟು. ಇದು ಎರಡು ವಿಧದಲ್ಲಿಯೂ ತಪ್ಪು. ಇಂದಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿಯೇ ಇದ್ದು ಕಾಲನ್ನು ಪೂರ್ತಿ ತೆಗೆದರೆ ಇಳಿಜಾರಿನಲ್ಲಿ ಪೆಟ್ರೋಲಿನ ಸರಬರಾಯಿ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೆ ಎಂಜಿನ್ನು ಆರದಿರಲು ಸ್ವಲ್ಪಸ್ವಲ್ಪವಾಗಿ ಉರಿಯುತ್ತಲೇ ಇರಬೇಕು. ಮೇಲಾಗಿ ಎಂಜಿನ್ನಿನ ಹಿಡಿತವು ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಕೈಕೊಡಬಹುದು. ಹೀಗೆ ಲೋಭಿಯು ಉಳಿಸುವುದೂ ಇಲ್ಲ, ಉಳಿಯುವುದೂ ಸಂದೇಹ. ಮಿತವ್ಯಯಿಯು ಹಿಡಿತವನ್ನು ಬಿಡದೆ ಉಳಿಸುತ್ತಾನೆ.

ಇನ್ನು, ಮೆಲ್ಲಗೆ ಹೋಗುವುದಾದರೆ ಸ್ಪೋರ್ಟ್ಸ್ ಕಾರಿಗೆ ಅರ್ಥವೇನೆಂಬ ಮಾತೊಂದು ಉಳಿಯಿತು. ಇದಕ್ಕೆ ಆ ಕ್ರೀಡೆಯೇ ಉತ್ತರವನ್ನು ಕೊಟ್ಟಿದೆ. ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಗಳಲ್ಲಿ ಮೋಟಾರು ರ‍್ಯಾಲಿಗಳು ನಡೆಯುವುದನ್ನು ಓದುಗರು ಬಲ್ಲರು. ರ‍್ಯಾಲಿಯಲ್ಲಿ ಜನಸಂಚಾರವನ್ನು ತಡೆದು ವೇಗಕ್ಕೆಂದೇ ಬಿಟ್ಟುಕೊಟ್ಟ ದಾರಿಯೊಂದಿದೆ. ಅಂತಹ ಒಂದು ದಾರಿಯಿಂದ ಮತ್ತೊಂದಕ್ಕೆ ಹೋಗುವ ಸಾಮಾನ್ಯ ರಸ್ತೆಯೊಂದಿದೆ. ಮೊದಲನೆಯದರಲ್ಲಿ ಒಂದು ಕ್ಷಣ ತಡವಾದರೂ ನಷ್ಟ. ಎರಡನೆಯದರಲ್ಲಿ ಎಲ್ಲರಂತೆ ರಸ್ತೆಯ ಕಾನೂನಿಗೆ ಒಳಪಟ್ಟು ನಡೆಯಬೇಕು. ಗೊತ್ತುಮಾಡಿದ ನಿಮಿಷಕ್ಕಿಂತ ಮೊದಲೇ ಠಾಣೆಯನ್ನು ಹೊಕ್ಕರೆ ದಂಡ ಬೀಳುತ್ತದೆ. ವೇಗವನ್ನೇ ಪೂಜಿಸುವ ಕ್ರೀಡೆಯೂ ವೇಗಕ್ಕೆ ಒಂದು ಸ್ಥಾನವನ್ನು ಗೊತ್ತುಮಾಡಿದೆ, ಸ್ಥಾನ ತಪ್ಪಿದ ವೇಗವನ್ನು ಅಪರಾಧವೆಂದು ಎಣಿಸಿದೆ. ಮೂಡಿಗೆರೆಯ ರಸ್ತೆಯಾದರೋ ಮುಂಜಾನೆಯ ಮಂಜಿನಲ್ಲಿ ಶಾಲೆಯ ಮಕ್ಕಳು ನಡೆಯುವ ರಸ್ತೆ. ಕಾಫಿ ಕೊಯ್ಲಿಗೆ ಆಳುಗಳನ್ನು ತುಂಬಿಕೊಂಡ ಜೀಪುಗಳು ಬರುವ ರಸ್ತೆ. ದನಕರುಗಳು ದಾಟುವ ರಸ್ತೆ. ಅಲ್ಲಿ ಹಿಡಿತದಲ್ಲಿರುವ ಕಾಲು ಪೆಟ್ರೋಲನ್ನಲ್ಲದೆ ಬೇರೆಯದನ್ನೂ ಉಳಿಸುತ್ತದೆ. ಅದರ ಬೆಲೆಯನ್ನು ಯಾವ ಪುಸ್ತಕದಲ್ಲಿಯೂ ಬರೆಯಲಾಗದು.

ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಲಗಾಮಿಗೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿದೆ. ಆ ಹೋಲಿಕೆಯಲ್ಲಿ ಬಡಕಲು ಕುದುರೆಗಳನ್ನು ಕಟ್ಟಬೇಕೆಂದು ಎಲ್ಲಿಯೂ ವಿಧಿಸಿಲ್ಲ. ದೋಷವನ್ನು ಹೇಳಿರುವುದು ಕುದುರೆಯ ಬಲದಲ್ಲಿ ಅಲ್ಲ, ಸಾರಥಿಯ ಅಜ್ಞಾನದಲ್ಲಿ. ಹಾಗೆಂದು ತನಗೆ ಬೇಕಾದುದಕ್ಕಿಂತ ಹೆಚ್ಚಿನ ಕುದುರೆಗಳನ್ನು ಕಟ್ಟಿದವನು ಅಷ್ಟರಮಟ್ಟಿಗೆ ಹೆಚ್ಚು ಎಚ್ಚರವಾಗಿರುವ ಸಾಲವನ್ನು ಹೊತ್ತನೆಂಬುದನ್ನು ಮರೆಯಕೂಡದು.

ಆದುದರಿಂದ ಸಿದ್ಧಾಂತವು ಇಷ್ಟು: ಬಲಿಷ್ಠವಾದ ಗಾಡಿಯನ್ನು ಮಿತವಾಗಿ ಓಡಿಸುವುದು ಹಾಸ್ಯಾಸ್ಪದವಲ್ಲ, ಆದರೆ ಹೆಮ್ಮೆಪಡತಕ್ಕ ದಾನವೂ ಅಲ್ಲ, ಅದು ಸಾಲದ ಕಂತು. ತರುಣನು ಅದನ್ನು ದಿನವೂ ಸಲ್ಲಿಸುತ್ತಿರಲಿ, ತಿಂಗಳ ಮೊತ್ತವನ್ನು ಬರೆಯಲಿ, ಭಾನುವಾರ ಹೊರಡುವ ಮುನ್ನ ಹೋಗಲೇಬೇಕೆ ಎಂದು ಒಂದು ಸಲ ಕೇಳಿಕೊಳ್ಳಲಿ. ಹೋಗಬೇಕಾದುದೇ ಆದರೆ ಅಜ್ಜಯ್ಯನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಳಸಕ್ಕೆ ಹೋಗಿಬರಲಿ. ತಿರುವು ಇನ್ನೂ ದೂರವಿರುವಾಗಲೇ ಮೊಮ್ಮಗನ ಕಾಲು ಸಡಿಲವಾಗುವುದನ್ನು ಕಂಡ ಮೇಲೆ, ಅವರು ಗಾದೆಯನ್ನು ಮತ್ತೆ ಹೇಳಿದರೂ ಹೇಳಬಹುದು. ಆದರೆ ಆಗ ಅಂಕುಶವನ್ನು ಹಾಸ್ಯಮಾಡಲಾರರು.