ಸಮಾಧಿ ಇಲ್ಲದವರಿಗೂ ಒಂದು ದೀಪ



ನವೆಂಬರ್ ಮೃತರ ಸ್ಮರಣೆಗೆ ಮೀಸಲಾದ ತಿಂಗಳು. ಎರಡನೆಯ ತಾರೀಖಿನಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅಗಲಿದವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಬಲಿಪೀಠದ ಬಳಿ ಇಡುತ್ತೇವೆ. ಈ ಚೀಟಿ ಬರೆಯುವಾಗ ಕೆಲವು ಮನೆಗಳಲ್ಲಿ ಪೆನ್ನು ನಡುವೆಯೇ ನಿಂತುಬಿಡುತ್ತದೆ. ದುಡಿಯಲೆಂದು ಮುಂಬೈಗೋ ಪುಣೆಗೋ ಹೋದ ಮಗ ಹಿಂದಿರುಗಿಲ್ಲ. ಪತ್ರವಿಲ್ಲ, ಫೋನಿಲ್ಲ. ಸತ್ತನೆಂದು ಹೇಳಿದವರೂ ಇಲ್ಲ, ಕಂಡೆನೆಂದು ಹೇಳಿದವರೂ ಇಲ್ಲ. ಅವನ ಹೆಸರನ್ನು ಮೃತರ ಸಾಲಿನಲ್ಲಿ ಬರೆಯಬೇಕೆ? ಬರೆದರೆ ಅವನನ್ನು ನಾವೇ ಸಾಯಿಸಿದಂತಾಗುವುದೇ? ಬರೆಯದೆ ಹೋದರೆ, ಒಂದು ವೇಳೆ ಅವನು ತೀರಿಕೊಂಡಿದ್ದಲ್ಲಿ, ಅವನ ಆತ್ಮಕ್ಕೆ ಪ್ರಾರ್ಥನೆಯೇ ಇಲ್ಲವಾಗುವುದೇ?

ವರ್ಷವರ್ಷವೂ ಗುಳೆ ಹೋಗುವ ಜನರಿರುವ ನಮ್ಮ ಕಲಬುರಗಿ ಸೀಮೆಯಲ್ಲಿ ಇದು ಊಹೆಯ ಪ್ರಶ್ನೆಯಲ್ಲ.

ಇಂಥ ಸಂಕಟ ನಾಡಿಗೆಲ್ಲ ಗೊತ್ತಾದ ಸಂದರ್ಭಗಳೂ ಉಂಟು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆ ಮಾಡಿದರು. ಏಳು ಮಂದಿ ಮಾತ್ರ ಮನೆಯವರಿಗೆ ಸಿಗಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೇರಳದ ಲಾರಿ ಚಾಲಕನೊಬ್ಬ ಕಣ್ಮರೆಯಾದ. ಗಂಗಾವಳಿ ನದಿಯಿಂದ ಅವನ ಲಾರಿಯನ್ನೂ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮನೆಯವರು ಅಳಲೂ ಆಗದೆ, ಆಸೆ ಬಿಡಲೂ ಆಗದೆ ಕಾದರು. ಕೊನೆಗೆ ಸಿಕ್ಕಿದ್ದು ಶವ. ಆದರೂ ಮಣ್ಣಿಗೆ ಒಪ್ಪಿಸಲು ಏನೋ ಒಂದು ಸಿಕ್ಕಿತಲ್ಲ ಎಂಬುದೇ ಅಂಥವರಿಗೆ ದೊಡ್ಡ ಸಮಾಧಾನವಾಗುತ್ತದೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು, ಕಾದವರಿಗೆ ಗೊತ್ತು.

ಪವಿತ್ರ ಗ್ರಂಥವು ಈ ನೋವನ್ನು ಬಲ್ಲದು. ಪಿತಾಮಹ ಯಾಕೋಬನ ಮುಂದೆ ಮಗ ಯೋಸೇಫನ ಅಂಗಿಯನ್ನು ತಂದಿಟ್ಟರು. ರಕ್ತ ಹತ್ತಿದ ಆ ಅಂಗಿಯನ್ನು ಕಂಡು, ಕಾಡುಮೃಗ ತಿಂದುಹಾಕಿತೆಂದು ಮುದುಕ ನಂಬಿದ. ಗೋಣಿತಟ್ಟು ಉಟ್ಟು ಅತ್ತ. ಮಕ್ಕಳೆಲ್ಲ ಎದ್ದು ಬಂದು ಸಂತೈಸಿದರೂ ಅವನು ಸಮಾಧಾನ ಹೊಂದಲಿಲ್ಲ. ಆ ಸಂತೈಸಿದವರ ನಡುವೆ ಸತ್ಯ ಬಲ್ಲವರೂ ಇದ್ದರೆಂಬುದನ್ನು ಗಮನಿಸಿ! ಆಡಿನ ರಕ್ತದಲ್ಲಿ ಅಂಗಿಯನ್ನು ಅದ್ದಿದವರು ಅವರೇ. ಇತ್ತ ಯೋಸೇಫ ಈಜಿಪ್ಟಿನಲ್ಲಿ ಬದುಕಿದ್ದ.

ಈ ಕಥೆಯನ್ನು ಓದುವಾಗ ನಮ್ಮ ಊರುಗಳಿಗೆ ಸಂಬಂಧಪಟ್ಟ ಒಂದು ಮಾತನ್ನು ಹೇಳಲೇಬೇಕು. ಕೆಲಸಕ್ಕೆ ಕರೆದೊಯ್ದ ಮೇಸ್ತ್ರಿಗೆ, ಒಂದೇ ಕೋಣೆಯಲ್ಲಿ ಮಲಗಿದ ಗೆಳೆಯನಿಗೆ, ಕೊನೆಯ ದಿನ ಜಗಳವಾಡಿದ ಅಣ್ಣತಮ್ಮನಿಗೆ ಕೆಲವೊಮ್ಮೆ ಏನೋ ಗೊತ್ತಿರುತ್ತದೆ. ಪೊಲೀಸರ ಭಯಕ್ಕೋ ಮಾನಕ್ಕೆ ಅಂಜಿಯೋ ಬಾಯಿ ಬಿಡುವುದಿಲ್ಲ. ಪ್ರತಿ ಭಾನುವಾರ ಆ ತಾಯಿಯನ್ನು ಕಂಡಾಗ "ದೇವರಿದ್ದಾರೆ ಅಮ್ಮಾ" ಎಂದು ಹೇಳಿ ಮುಂದೆ ಹೋಗುತ್ತಾರೆ. ಅದು ಸಂತೈಸುವಿಕೆಯಲ್ಲ, ಯೋಸೇಫನ ಅಣ್ಣಂದಿರ ಪಾಪ. ಬಲ್ಲವರು ಹೇಳಲಿ. ಪಾಪನಿವೇದನೆಯಲ್ಲಿ ಗುರುಗಳ ಕಿವಿಗೆ ಹೇಳಿದರಷ್ಟೇ ಸಾಲದು, ಆ ಮನೆಯವರಿಗೆ ಹೇಳಲಿ.

ಇನ್ನು ಉಳಿದವರು ಅವಸರ ಮಾಡಬಾರದು. ಗಂಡ ಕಾಣೆಯಾಗಿ ವರ್ಷ ಕಳೆದರೆ ಸಾಕು, ಹೆಂಡತಿ ಬಳೆ ತೆಗೆಯಬೇಕೋ ಬೇಡವೋ ಎಂದು ಓಣಿಯವರು ತೀರ್ಮಾನಿಸತೊಡಗುತ್ತಾರೆ. ದೇಶದ ಕಾನೂನು ಸಹ ಇಷ್ಟು ಆತುರಪಡುವುದಿಲ್ಲ. ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಬಾರದಿದ್ದರೆ, ಬದುಕಿದ್ದಾನೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕೆಂಬ ನಿಯಮವಿದೆ. ಧರ್ಮಸಭೆ ಇನ್ನೂ ಎಚ್ಚರಿಕೆಯಿಂದ ನಡೆಯುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1707ನೇ ವಿಧಿಯಂತೆ, ಬಾಳಸಂಗಾತಿಯ ಮರಣಕ್ಕೆ ದಾಖಲೆ ಇಲ್ಲದಿದ್ದಾಗ ಧರ್ಮಾಧ್ಯಕ್ಷರು ಸಾಕ್ಷಿಗಳನ್ನು ವಿಚಾರಿಸಿ, ಮರಣವಾಗಿದೆಯೆಂದು ಮನಸ್ಸಿಗೆ ಖಚಿತವಾದ ನಂತರವೇ ಹಾಗೆಂದು ಘೋಷಿಸಬಹುದು. ಬಹುಕಾಲ ಮನೆಯಲ್ಲಿಲ್ಲ ಎಂಬ ಒಂದೇ ಕಾರಣ ಸಾಲದು. ಪುನರ್ವಿವಾಹದ ಮಾತು ಬಂದಾಗ ಬಹಳ ಮಂದಿಗೆ ಇದು ಕಠಿಣವೆನಿಸುತ್ತದೆ. ಆದರೆ ಧರ್ಮಸಭೆಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಸುಮ್ಮನೆ ಅಳಿಸಿಹೋಗುವುದಿಲ್ಲ. ನನಗೆ ಈ ನಿಯಮದಲ್ಲಿ ಕಾಣುವುದು ಕರುಣೆಯೇ.

ಪ್ರಾರ್ಥನೆಗೆ ಮಾತ್ರ ಇಂಥ ಯಾವ ಘೋಷಣೆಯೂ ಬೇಕಿಲ್ಲ. ಬದುಕಿದ್ದರೆ ಕಾಪಾಡು, ಕರೆಸಿಕೊಂಡಿದ್ದರೆ ಶಾಂತಿ ನೀಡು ಎಂದು ಬೇಡಿಕೊಂಡು ಬಲಿಪೂಜೆ ಮಾಡಿಸಬಹುದು. ಮರಣ ಖಚಿತವಾಗಿದ್ದು ದೇಹ ಸಿಗದಿದ್ದರೆ, ಶವಪೆಟ್ಟಿಗೆ ಇಲ್ಲದೆಯೂ ಅಂತ್ಯಸಂಸ್ಕಾರದ ಬಲಿಪೂಜೆಯನ್ನು ಅರ್ಪಿಸಲು ಅವಕಾಶವಿದೆ. ಇದನ್ನು ತಿಳಿಯದೆ ಎಷ್ಟೋ ಮನೆಯವರು ಸುಮ್ಮನಿರುತ್ತಾರೆ. ಯುದ್ಧದಲ್ಲಿ ಮಡಿದವರಿಗಾಗಿ ಯೂದ ಮಕ್ಕಬಿಯನು ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಕೂಡಿಸಿ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳುಹಿಸಿದ. ಆ ಬಲಿಗೆ ಶವಗಳು ಎದುರಿಗಿರಬೇಕಾಗಿರಲಿಲ್ಲ. ಮೋಶೆಯಂಥ ಮೋಶೆಯ ಸಮಾಧಿಯೇ ಯಾರಿಗೂ ತಿಳಿಯದು. ಕೊನೆಯ ದಿನ ಸಮುದ್ರವೂ ತನ್ನಲ್ಲಿರುವ ಮೃತರನ್ನು ಒಪ್ಪಿಸುವುದೆಂದು ಪ್ರಕಟನಾ ಗ್ರಂಥ ತಿಳಿಸುತ್ತದೆ. ಮಲ್ಪೆಯ ಮೀನುಗಾರರಂಥವರ ಮನೆಗಳಲ್ಲಿ ಆ ಮಾತಿಗೆ ಎಷ್ಟು ತೂಕವಿದ್ದೀತು!

ಇಷ್ಟರವರೆಗೆ ನಮ್ಮವರ ಬಗ್ಗೆ ಹೇಳಿದೆ. ಒಂದು ಮನೆಯಲ್ಲಿ 'ಕಾಣೆಯಾದವನು' ಆದವನೇ ಇನ್ನೊಂದು ಊರಿನಲ್ಲಿ 'ಅಪರಿಚಿತ ಶವ' ಆಗುತ್ತಾನೆ. ಪತ್ರಿಕೆಯಲ್ಲಿ ಈ ಎರಡು ಪ್ರಕಟಣೆಗಳೂ ಹೆಚ್ಚುಕಡಿಮೆ ಒಂದೇ ಮೂಲೆಯಲ್ಲಿ ಅಚ್ಚಾಗುತ್ತವೆ, ನಾವು ಎರಡನ್ನೂ ಓದದೆ ಪುಟ ತಿರುವುತ್ತೇವೆ. ನಮ್ಮ ಮಗ ದೂರದ ಊರಿನಲ್ಲಿ ಬಿದ್ದಿದ್ದರೆ ಅಲ್ಲಿಯ ಯಾರಾದರೂ ಒಂದು ಹಿಡಿ ಮಣ್ಣು ಹಾಕಿರಲಿ ಎಂದು ಬೇಡುವ ನಾವು, ನಮ್ಮ ನೆಲದಲ್ಲಿ ಬಿದ್ದವರಿಗೆ ಏನು ಮಾಡಿದ್ದೇವೆ?

2022ರ ಜೂನ್ 3ರ ಮುಂಜಾನೆ ಕಮಲಾಪುರದ ಬಳಿ ನಡೆದದ್ದು ಕಲಬುರಗಿಯವರಿಗೆ ನೆನಪಿರಬಹುದು. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿ ಹೊಡೆದು ಉರುಳಿ ಹೊತ್ತಿ ಉರಿಯಿತು. ಏಳು ಮಂದಿ ಪ್ರಯಾಣಿಕರು ಸಜೀವ ದಹನವಾದರು. ಗಾಯಗೊಂಡವರು ಚಿಕಿತ್ಸೆಗೆ ಬಂದದ್ದು ನಮ್ಮ ನಗರಕ್ಕೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ ಹಾದಿಯಲ್ಲಿ ನಾವು ಎಷ್ಟೋ ಸಲ ಓಡಾಡಿದ್ದೇವೆ, ಬಸ್ಸು ನಿಂತಾಗ ಹಣ್ಣು ಕೊಂಡಿದ್ದೇವೆ. ಅಲ್ಲಿ ಸತ್ತವರ ಮನೆಗಳು ದೂರದ ಹೈದರಾಬಾದಿನಲ್ಲಿವೆ. ಅವರು ಯಾವ ಧರ್ಮದವರು ಎಂದು ಕೇಳುವ ಅಗತ್ಯ ನಮಗಿಲ್ಲ. ಮುಂದಿನ ಸಲ ಆ ಹಾದಿಯಲ್ಲಿ ಹೋಗುವಾಗ ಅವರಿಗಾಗಿ ಒಂದು ಪರಲೋಕ ಮಂತ್ರ ಹೇಳಲು ಎಷ್ಟು ಹೊತ್ತು ಬೇಕು?

ಮೃತರನ್ನು ಮಣ್ಣು ಮಾಡುವುದು ದೈಹಿಕ ದಯಾಕಾರ್ಯಗಳಲ್ಲಿ ಏಳನೆಯದು. ನಮ್ಮ ಪ್ರಭುವಿಗೂ ಸ್ವಂತ ಸಮಾಧಿ ಇರಲಿಲ್ಲ. ಅರಿಮತಾಯದ ಜೋಸೆಫನು ಧೈರ್ಯ ಮಾಡಿ ಪಿಲಾತನ ಬಳಿ ಹೋಗಿ ಶವವನ್ನು ಕೇಳಿ ಪಡೆದು, ತನಗಾಗಿ ತೋಡಿಸಿದ್ದ ಸಮಾಧಿಯನ್ನು ಬಿಟ್ಟುಕೊಟ್ಟ. ಆಸ್ಪತ್ರೆಯ ಶವಾಗಾರದಲ್ಲಿ ವಾರಸುದಾರರಿಲ್ಲದೆ ಮಲಗಿರುವವರಿಗಾಗಿ ಇಂದು ಯಾರು ಹೋಗಿ ಕೇಳುತ್ತಾರೆ? ನಮ್ಮ ಧರ್ಮಕೇಂದ್ರಗಳ ಯುವಕರ ಸಂಘದವರು ವರ್ಷಕ್ಕೆ ಒಂದು ಸಲವಾದರೂ ಪೊಲೀಸರ ಅನುಮತಿ ಪಡೆದು ಈ ಸೇವೆಗೆ ಕೈ ಹಾಕಬಹುದು. ಕ್ರಿಕೆಟ್ ಪಂದ್ಯಾವಳಿಯೂ ನಡೆಯಲಿ, ಇದೂ ನಡೆಯಲಿ.

ಮನೆಯಲ್ಲಿ ಯಾರಾದರೂ ಕಾಣೆಯಾಗಿದ್ದರೆ, ಠಾಣೆಯಲ್ಲಿ ದೂರು ಬರೆಸಿ ಅದರ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಸರ್ಕಾರಕ್ಕಾಗಲಿ ಧರ್ಮಾಧ್ಯಕ್ಷರಿಗಾಗಲಿ ಅರ್ಜಿ ಕೊಡಬೇಕಾದಾಗ ಅದು ಬೇಕಾಗುತ್ತದೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಭೇಟಿ ಕೊಟ್ಟು ಮೃತರಿಗಾಗಿ ಪ್ರಾರ್ಥಿಸುವವರಿಗೆ ಧರ್ಮಸಭೆ ಕೊಡುವ ವಿಶೇಷ ವರಕ್ಕೆ, ಅಲ್ಲಿ ನಿಮ್ಮವರ ಸಮಾಧಿಯೇ ಇರಬೇಕೆಂಬ ನಿಯಮವಿಲ್ಲ. ನಡುವಿನ ದೊಡ್ಡ ಶಿಲುಬೆಯ ಕೆಳಗೆ ಮೇಣದಬತ್ತಿ ಹಚ್ಚಿ. ಚೀಟಿಯಲ್ಲಿ ಹೆಸರನ್ನು ಬರೆಯಿರಿ. ಮರಣದ ತಾರೀಖು ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಗುರುಗಳು ಹೆಸರನ್ನು ಓದುತ್ತಾರೆ.