ಹೊಗೆಯ ಋಣ

ಅಂಗಳದ ಒಣ ಎಲೆ, ಜೊತೆಗೆ ನಾಲ್ಕಾರು ಪ್ಲಾಸ್ಟಿಕ್ ಚೀಲ. ಚಳಿಗಾಲದ ಬೆಳಿಗ್ಗೆ ಕಡ್ಡಿ ಗೀರಿದವನು ನಾನೇ. ಪಕ್ಕದ ಮನೆಯ ಅಜ್ಜಿ ಕೆಮ್ಮುತ್ತಾ ಕಿಟಕಿ ಮುಚ್ಚಿಕೊಂಡರು. ಒಂದು ಮಾತೂ ಆಡಲಿಲ್ಲ.

2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ಆದೇಶಿಸಿತು. ಕಸದ ಗಾಡಿ ಸರಿಯಾಗಿ ಬಾರದ ನಮ್ಮಂಥ ಬೀದಿಗಳಲ್ಲಿ ಇದು ನ್ಯಾಯವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಆದರೆ ಗಾಡಿ ಬರಲಿಲ್ಲವೆಂಬ ಕಾರಣಕ್ಕೆ ಅಜ್ಜಿಯ ಎದೆಗಿಳಿದ ಸೂಕ್ಷ್ಮ ಕಣಗಳು ಹೊರಬರುವುದಿಲ್ಲ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಚಳಿಯ ಮುಂಜಾನೆ ಹೊಗೆ ಮೇಲೇರದೆ ನೆಲಕ್ಕಂಟಿಯೇ ಹರಡುತ್ತದೆ.

ಹುಕೂಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕನ್ನು ಮುರಿದವನು ಆ ಮನುಷ್ಯನಿಂದಲೇ ಕ್ಷಮೆ ಪಡೆಯಬೇಕು ಎನ್ನುತ್ತಾರೆ ನಮ್ಮ ಉಲೇಮಾಗಳು. ದಂಡ ಕಟ್ಟಿದರೆ ರಸೀದಿ ಸಿಕ್ಕೀತು, ಮಾಫಿ ಸಿಗದು.

ಅಜ್ಜಿಯ ಬಾಗಿಲಿಗೆ ಹೋಗಿ ಕೇಳಿದೆ. "ಬಿಡಪ್ಪಾ, ನಾವೇನು ಸುಟ್ಟಿಲ್ಲವೇ?" ಎಂದರು. ಅವರ ಮನೆಯನ್ನೂ ದಾಟಿದ ಹೊಗೆ ಯಾರ ಮಗುವಿನ ತೊಟ್ಟಿಲವರೆಗೆ ಹೋಯಿತೋ! ಆ ಮಾಫಿಯನ್ನು ಯಾವ ಬಾಗಿಲಲ್ಲಿ ಕೇಳಲಿ?

ಈಗ ಎಲೆಗಳನ್ನು ಹಿತ್ತಿಲ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ. ಪ್ಲಾಸ್ಟಿಕ್ ಚೀಲಗಳು ಒಂದು ಗೋಣಿಯಲ್ಲಿ ಗಾಡಿಯ ದಾರಿ ಕಾಯುತ್ತಿವೆ.