ಮಾವನ ಲಾರಿ, ನನ್ನ ಬೀಗ

ನೊಣವಿನಕೆರೆಯಿಂದ ಮಾವನ ಫೋನ್ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಹೊರಗೆ ಬಂದು ಎತ್ತಿದರೆ, "ಏನ್ಲಾ, ಭಾರಿ ದೊಡ್ಡ ಮನುಷ್ಯ ಆಗ್ಬುಟ್ಟಾ? ಲಾರಿ ನಿಂತೋಗೈತೆ ಕಣ್ಲಾ. ಅದ್ಯಾವ್ದೋ ಇಸಿಎಂ ಅಂತೆ, ಸುಟ್ಟೋಗೈತಂತೆ. ನೀನು ಅದನ್ನೇ ಅಲ್ವಾ ಮಾಡೋದು?" ಅಂದರು.

ಹೌದು, ನಾನು ಮಾಡೋದು ಅದನ್ನೇ. ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಗಾಡಿಗಳ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್‌ಗಳಿಗೆ ಸಾಫ್ಟ್‌ವೇರ್ ಬರೀತಿದ್ದೀನಿ. ಊರಲ್ಲಿ ಯಾರಾದರೂ ಕೇಳಿದರೆ "ಕಂಪ್ಯೂಟರ್ ಕೆಲಸ" ಅಂತ ಹೇಳಿ ಮುಗಿಸಿಬಿಡ್ತಿದ್ದೆ. ಈಗ ನನ್ನ ಕೆಲಸ ನಮ್ಮ ಮಾವನ ಅಂಗಳಕ್ಕೇ ಬಂದು ನಿಂತಿತ್ತು, ಸ್ಟಾರ್ಟ್ ಆಗದೆ.

ಮಾವನದು ತೆಂಗಿನಕಾಯಿ, ಕೊಬ್ಬರಿ ಬಾಡಿಗೆ. ಸುತ್ತಮುತ್ತಲ ಊರುಗಳಲ್ಲಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕೊಬ್ಬರಿಯನ್ನ ತಿಪಟೂರಿನ ಮಾರ್ಕೆಟ್ಟಿಗೆ ಮುಟ್ಟಿಸೋದು, ಮಧ್ಯೆ ಸಿಕ್ಕಿದ ಲೋಡು ಹೊಡೆಯೋದು. ಹಳೇ ಲಾರಿ ಇದ್ದಾಗ ಡೀಸೆಲ್ ಪಂಪು ಕೆಟ್ಟರೆ ಬಿಚ್ಚಿ ಗೋಣಿಚೀಲಕ್ಕೆ ಹಾಕ್ಕೊಂಡು ಬಸ್ಸಲ್ಲಿ ತಿಪಟೂರಿಗೆ ಹೋಗ್ತಿದ್ದರು, ಸಾಯಂಕಾಲಕ್ಕೆ ವಾಪಸ್ ಬಂದು ಕೂರಿಸ್ತಿದ್ದರು. 2021ರಲ್ಲಿ ಸಾಲ ಮಾಡಿ ಬಿಎಸ್-6 ಲಾರಿ ತಗೊಂಡರು. ಅದರಲ್ಲಿ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ ಅನ್ನೋದನ್ನ ತೀರ್ಮಾನ ಮಾಡೋದು ಈ ಇಸಿಎಂ ಡಬ್ಬಿ.

ಶನಿವಾರ ಊರಿಗೆ ಹೋದೆ. ಇಸಿಎಂ ಹೋಗಿದೆ ಅಂತ ಹೇಳಿಬಿಡೋದು ಸುಲಭ. ಎಷ್ಟೋ ಸಲ ತಪ್ಪು ಅದರದ್ದಾಗಿರಲ್ಲ. ಮೊದಲು ಫ್ಯೂಸು, ಅರ್ಥಿಂಗು, ಡಬ್ಬಿಗೆ ಬರೋ ಕರೆಂಟು ನೋಡಿದೆ. ಸೆನ್ಸರ್‌ಗಳಿಗೆ ಹೋಗೋ 5 ವೋಲ್ಟ್ ಲೈನನ್ನ ಯಾವುದಾದರೂ ಸೆನ್ಸರ್ ಹಿಡಿದು ಎಳೀತಿದೆಯಾ ಅಂತ ಒಂದೊಂದನ್ನೇ ಕಳಚಿ ನೋಡಿದೆ. ಮಾಡ್ಯೂಲ್‌ಗಳು ಪರಸ್ಪರ ಮಾತಾಡೋ ಎರಡು ವೈರಿನ ನಡುವೆ ಮೀಟರ್ ಇಟ್ಟರೆ 60 ಓಮ್ ಬರಬೇಕು, ಬಂತು. ಕೊನೆಗೆ, "ಮಾವ, ಇತ್ತೀಚೆಗೆ ಏನಾದರೂ ವೆಲ್ಡಿಂಗ್ ಮಾಡ್ಸಿದ್ರಾ?" ಅಂತ ಕೇಳಿದೆ. ಮಾವ ತೋಟದ ಕಡೆ ನೋಡಿದರು. ಹಿಂದಿನ ಬಾಗಿಲಿನ ಕೊಂಡಿ ಕಿತ್ತುಹೋಗಿತ್ತಂತೆ. ಬ್ಯಾಟರಿ ಕಳಚದೆ ವೆಲ್ಡಿಂಗ್ ಹೊಡೆಸಿದ್ದರು. ಸತ್ತಿದ್ದು ನಿಜವಾಗಿಯೂ ಡಬ್ಬಿಯೇ.

ಕಂಪನಿಯ ವರ್ಕ್‌ಶಾಪಿನಲ್ಲಿ ಕೇಳಿದರೆ ಒಂದು ಲಕ್ಷದ ಮೇಲೆ, ಅದೂ ಮೂರು ವಾರ ಕಾಯಬೇಕು, ವೆಲ್ಡಿಂಗ್‌ನಿಂದ ಆಗಿದ್ದಕ್ಕೆ ವಾರಂಟಿ ಇಲ್ಲ. ಬೇರೆ ಲಾರಿಯ ಹಳೇ ಡಬ್ಬಿ ತಂದು ಸಿಕ್ಕಿಸಿದರೆ ಓಡಲ್ಲ. ಅದರ ತಲೆಯಲ್ಲಿ ಆ ಲಾರಿಯ ನಂಬರ್ರು, ಆ ಲಾರಿಯ ಕೀಲಿ, ಆ ಲಾರಿಯ ಇಂಜೆಕ್ಟರ್‌ಗಳ ಗುಣ ಕೂತಿರುತ್ತೆ. ಇಂಜೆಕ್ಟರ್‌ಗಳೂ ಕಾಯಿಗಳ ಹಾಗೇ, ಒಂದರ ಹಾಗೆ ಇನ್ನೊಂದಿರಲ್ಲ. ಪ್ರತಿಯೊಂದರ ಸಣ್ಣ ವ್ಯತ್ಯಾಸವನ್ನೂ ಸಂಕೇತವಾಗಿ ಅದರ ತಲೆ ಮೇಲೆ ಅಚ್ಚು ಹಾಕಿರ್ತಾರೆ, ಅದನ್ನ ಡಬ್ಬಿಗೆ ಹೇಳಿಕೊಡಬೇಕು.

ಹೇಳಿಕೊಡೋಕೆ ಒಳಗೆ ಹೋಗಬೇಕು, ಒಳಗೆ ಹೋಗೋಕೆ ಬೀಗ. ಸ್ಕ್ಯಾನರ್ ಸಿಕ್ಕಿಸಿ ಮಾಹಿತಿ ಬದಲಿಸ್ತೀನಿ ಅಂದರೆ ಡಬ್ಬಿ ಒಂದು ಅಂಕಿ ಎಸೆಯುತ್ತೆ. ಗುಟ್ಟಿನ ಲೆಕ್ಕ ಗೊತ್ತಿದ್ದವನು ಸರಿಯಾದ ಅಂಕಿ ವಾಪಸ್ ಕಳಿಸಬೇಕು. ಕೆಲವು ಸಲ ತಪ್ಪಿದರೆ ಸ್ವಲ್ಪ ಹೊತ್ತು ಮಾತೇ ಆಡಲ್ಲ. ಮಾವನ ಲಾರಿಯ ಬೀಗ ನಾನು ಬರೆದದ್ದಲ್ಲ, ಬೇರೆಯವರದು. ಆದರೆ ಅಂಥದ್ದನ್ನೇ ಇನ್ನೊಂದು ಗಾಡಿಗೆ ಬರೆದವನು ನಾನು. ಯಾರೂ ಒಡೆಯೋಕಾಗದ ಹಾಗೆ ಬರೆದಿದ್ದೀನಿ ಅಂತ ಆ ವರ್ಷ ಒಳ್ಳೇ ಇನ್‌ಕ್ರಿಮೆಂಟೂ ಸಿಕ್ಕಿತ್ತು.

ತಿಪಟೂರಿನ ಮೇಸ್ತ್ರಿ ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯ ಒಬ್ಬ ಹುಡುಗನ ನಂಬರ್ ಕೊಟ್ಟರು. ಸತ್ತ ಡಬ್ಬಿಯ ಮೆಮೊರಿ ಚಿಪ್ ಚೆನ್ನಾಗಿದ್ದರೆ ಅದರೊಳಗಿನದನ್ನ ಓದಿ ಇನ್ನೊಂದು ಹಳೇ ಡಬ್ಬಿಗೆ ನಕಲು ಮಾಡ್ತಾನೆ, ಕಂಪನಿ ರೇಟಿನ ಮೂರನೇ ಒಂದು ಭಾಗದಲ್ಲಿ, ಒಂದೇ ದಿನದಲ್ಲಿ. ಮೇಸ್ತ್ರಿ ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಹೆಂಗೂ ಡಬ್ಬಿ ಬಿಚ್ಚಿರ್ತಾನೆ, ಯೂರಿಯಾನೂ ಆಫ್ ಮಾಡ್ಸ್‌ಬುಡಿ. ಐದು ಸಾವಿರ ಕೊಟ್ರೆ ಆಯ್ತು, ಜಲ್ಮಕ್ಕೆ ಆ ತಾಪತ್ರಯನೇ ಇರಲ್ಲ."

ಮಾವನ ಮುಖ ಅರಳಿತು. ನನಗೆ ಕಸಿವಿಸಿ ಶುರುವಾಯ್ತು.

ಈ ಯೂರಿಯಾ ಹೊಲಕ್ಕೆ ಹಾಕೋದಲ್ಲ. ನೀರಿನಲ್ಲಿ ಕರಗಿಸಿದ 32.5 ಪರ್ಸೆಂಟ್ ಯೂರಿಯಾದ ದ್ರಾವಣ. ಸೈಲೆನ್ಸರ್ ದಾರಿಯಲ್ಲಿ ಅದನ್ನ ಚಿಮುಕಿಸಿದರೆ ಅಮೋನಿಯಾ ಆಗಿ, ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡನ್ನ ಬರೀ ನೈಟ್ರೋಜನ್ನು, ನೀರು ಮಾಡುತ್ತೆ. ಖಾಲಿಯಾದರೆ ಇಸಿಎಂ ಇಂಜಿನ್ನಿನ ಶಕ್ತಿ ಇಳಿಸಿಬಿಡುತ್ತೆ, ಲೋಡ್ ಇದ್ದರೆ ದಿಬ್ಬ ಏರಲ್ಲ. ಆಫ್ ಮಾಡಿಸೋದು ಅಂದರೆ ಯೂರಿಯಾ ಚಿಮುಕದೇ ಇದ್ದರೂ "ಎಲ್ಲ ಸರಿಯಾಗಿದೆ" ಅಂತ ಡಬ್ಬಿಗೆ ಸುಳ್ಳು ಹೇಳೋಕೆ ಕಲಿಸೋದು.

"ನಕಲು ಮಾಡ್ಸೋಣ ಮಾವ. ಯೂರಿಯಾ ಬೇಡ" ಅಂದೆ.

"ಯಾಕ್ಲಾ? ಅದೂ ಬೀಗ ಒಡೆಯೋದೇ, ಇದೂ ಬೀಗ ಒಡೆಯೋದೇ. ಒಂದು ಸೈ, ಇನ್ನೊಂದು ಪಾಪವಾ?"

ಈ ಪ್ರಶ್ನೆಗೆ ತಕ್ಷಣ ಉತ್ತರ ಬರಲಿಲ್ಲ. ಲಾರಿ ಅವರದು, ಕಂತು ಕಟ್ಟೋರು ಅವರು. ಚಿಪ್ಪು ಸುಡೋರ ಹೊಗೆ ಊರಿಗೆಲ್ಲ ಹಬ್ಬುತ್ತೆ, ಹಳೇ ಲಾರಿಗಳು ಯೂರಿಯಾನೇ ಕಾಣದೆ ಓಡಾಡ್ತಾವೆ, ನನ್ನದೊಂದೇ ಯಾಕೆ ಮಡಿ ಮಾಡಬೇಕು ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ತಿಂಗಳ ಸಂಬಳ ಬರೋನು ಇದಕ್ಕೆ ಪಟಪಟ ಅಂತ ಉತ್ತರ ಕೊಟ್ಟರೆ ಅದು ಅಧಿಕಪ್ರಸಂಗ.

ಕಾನೂನು ಹುಡುಕಿದೆ. ತಮಾಷೆ ಏನಂದರೆ ಎರಡಕ್ಕೂ 52ನೇ ಸೆಕ್ಷನ್ನು. ಕೃತಿಸ್ವಾಮ್ಯ ಕಾಯ್ದೆಯ 52ರ ಪ್ರಕಾರ, ಸಾಫ್ಟ್‌ವೇರನ್ನ ನ್ಯಾಯವಾಗಿ ಪಡೆದವನು ಅದನ್ನ ಕೊಟ್ಟ ಉದ್ದೇಶಕ್ಕೇ ಬಳಸೋದಕ್ಕಾಗಿ ನಕಲು ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52 ಮಾತ್ರ, ಗಾಡಿಯನ್ನ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಮಾಲೀಕ ಬದಲಾಯಿಸೋ ಹಾಗಿಲ್ಲ ಅನ್ನುತ್ತೆ. ನಾನು ವಕೀಲ ಅಲ್ಲ, ಈ ಓದು ಕೋರ್ಟಿನಲ್ಲಿ ನಿಲ್ಲುತ್ತೆ ಅಂತ ಹೇಳ್ತಿಲ್ಲ. ಕಾರುಗಳ ವಿಚಾರದಲ್ಲಂತೂ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ, ಸ್ಕ್ಯಾನರ್‌ಗಳು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಕಾರಣ. ಆಮೇಲೆ ಅದು ಮೇಲ್ಮನವಿಗೆ ಹೋಯ್ತು, ಅದಿರಲಿ. ಮಾವನಿಗೆ ಸೆಕ್ಷನ್ ಹೇಳಿ ಒಪ್ಪಿಸೋಕಾಗಲ್ಲ.

ಆವತ್ತು ಸಂಜೆ ಕೆರೆ ಏರಿ ಮೇಲೆ ನಡೆಯುವಾಗ ತಾತ ಹೇಳ್ತಿದ್ದ ನೀರಗಂಟಿ ನೆನಪಾದ. ಗದ್ದೆ ಅವರವರದು, ಏನು ಬೆಳೆಯಬೇಕು ಅನ್ನೋದೂ ಅವರವರದು. ತೂಬು ಮಾತ್ರ ಯಾರೂ ಮುಟ್ಟಂಗಿಲ್ಲ, ನೀರಗಂಟಿಯೇ ಎತ್ತಬೇಕು. ಯಾಕಂದರೆ ನೀರು ಒಬ್ಬನದಲ್ಲ. ಆ ನೀರಗಂಟಿಯೂ ತನ್ನಿಷ್ಟದ ಹಾಗೆ ಎತ್ತೋ ಹಾಗಿರಲಿಲ್ಲ, ಅಚ್ಚುಕಟ್ಟಿನವರಿಗೆಲ್ಲ ಉತ್ತರ ಹೇಳಬೇಕಿತ್ತು. ಯೂರಿಯಾ ಬೀಗ ತೂಬಿನ ಥರದ್ದು. ಲಾರಿ ಮಾವನದಾದರೂ ಹೊಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರೋರದ್ದು. ಆದರೆ ಸುಟ್ಟ ಡಬ್ಬಿ ಬದಲಿಸೋದು? ಅದು ಮಾವ ತಮ್ಮ ಗದ್ದೆಯ ಬದು ಸರಿಮಾಡಿಕೊಂಡ ಹಾಗೆ. ಅದರಲ್ಲಿ ಊರಿಗೆ ಏನು ಕೆಲಸ, ಕಂಪನಿಗೆ ಏನು ಕೆಲಸ?

ಕಂಪನಿಯೇ ನೀರಗಂಟಿ ಆಗಲಿ ಅಂದರೆ ಅಲ್ಲೂ ತೊಡಕಿದೆ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತಲ್ಲ. ಪರೀಕ್ಷೆ ನಡೀತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಶುದ್ಧ ಮಾಡಿ, ರಸ್ತೆಗಿಳಿದರೆ ಬಿಟ್ಟುಬಿಡೋ ಕೋಡು. ಕೆಲವು ಕಾರುಗಳಲ್ಲಿ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್. ಅಮೆರಿಕದ ಕೋರ್ಟು ಅವರ ಒಬ್ಬ ಇಂಜಿನಿಯರಿಗೆ 2017ರಲ್ಲಿ 40 ತಿಂಗಳು ಜೈಲು ಕೊಟ್ಟಿತು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಜೆ.ಸಿ. ರಸ್ತೆಯ ಹುಡುಗ ಐದು ಸಾವಿರಕ್ಕೆ ಮಾಡಿಕೊಡ್ತೀನಿ ಅನ್ನೋದು ಅದೇ ಕೆಲಸವನ್ನ, ಸಣ್ಣದಾಗಿ.

ನನ್ನನ್ನ ಚುಚ್ಚಿದ್ದು ಇದಲ್ಲ. ಮಾವ ಅಂದಿದ್ದು ಅಕ್ಷರಶಃ ನಿಜವಾಗಿತ್ತು: ಎರಡಕ್ಕೂ ಒಂದೇ ಬೀಗ. ಹಾಗೆ ಮಾಡಲೇಬೇಕು ಅಂತ ಏನಿಲ್ಲ. ಇಂಜೆಕ್ಟರ್ ಸಂಕೇತ, ಕೀಲಿಯ ಜೋಡಣೆ, ಇವಕ್ಕೆ ಮಾಲೀಕ ತನ್ನ ಆರ್‌ಸಿ ತೋರಿಸಿ ತೆಗೆಯಬಹುದಾದ ಒಂದು ಬೀಗ, ಹೊಗೆಯ ಲೆಕ್ಕಕ್ಕೆ ಇನ್ನೊಂದು ಬೀಗ ಅಂತ ಬೇರೆ ಮಾಡಬಹುದು. ನಾನು ಬರೆದ ಗಾಡಿಯಲ್ಲೂ ಒಂದೇ ಹಾಕಿದ್ದೆ. ಯಾರನ್ನೂ ಸುಲಿಯಬೇಕು ಅಂತ ಅಲ್ಲ. ಒಂದು ಹಾಕಿದರೆ ಟೆಸ್ಟಿಂಗ್ ಬೇಗ ಮುಗಿಯುತ್ತೆ, ಶುಕ್ರವಾರ ಸಾಯಂಕಾಲದ ಬಸ್ಸಿಗೆ ಊರಿಗೆ ಹೋಗಬಹುದು ಅಂತ. ನ್ಯಾಯವಾಗಿ ರಿಪೇರಿ ಮಾಡಿಸೋನು, ಸುಳ್ಳು ಹೊಗೆ ಬಿಡೋನು ಇಬ್ಬರೂ ಅದೇ ಹುಡುಗನ ಅಂಗಡಿಗೆ ಹೋಗೋ ಹಾಗೆ ಮಾಡಿದ್ದು ನನ್ನಂಥವರು. ಅಲ್ಲಿಗೆ ಹೋದ ಮೇಲೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಉಳಿಯೋದು ಐದು ಸಾವಿರ ರೂಪಾಯಿ ಮಾತ್ರ.

ಭಾನುವಾರ ಬೆಳಿಗ್ಗೆ ಮಾವನಿಗೆ ಇದಿಷ್ಟನ್ನೂ ಹೇಳಿದೆ. ನೀರಗಂಟಿ ಕತೆ ಕೇಳಿ, "ನೀರಗಂಟಿಗೆ ಸುಗ್ಗೀಲಿ ಭತ್ತ ಕೊಡ್ತಿದ್ರು ಕಣ್ಲಾ. ನನಗೆ ಯಾರು ಕೊಡ್ತಾರೆ?" ಅಂದರು. ಆಮೇಲೆ ತುಂಬ ಹೊತ್ತು ಸುಮ್ಮನಿದ್ದು, "ಆಯ್ತು, ನಕಲು ಅಷ್ಟೇ ಮಾಡ್ಸು" ಅಂದರು. ಒಪ್ಪಿದ್ದಕ್ಕೋ, ನನ್ನ ಜೊತೆ ಜಗಳ ಬೇಡ ಅಂತಲೋ ಗೊತ್ತಾಗಲಿಲ್ಲ.

ಬುಧವಾರ ಲಾರಿ ಸ್ಟಾರ್ಟ್ ಆಯ್ತು. ಆಫೀಸಿನಲ್ಲಿ ಬೀಗ ಎರಡು ಮಾಡೋಣ ಅಂತ ಒಂದು ಪುಟ ಬರೆದು ಕಳಿಸಿದೆ. "ಕಸ್ಟಮರ್ ಕೇಳಿಲ್ವಲ್ಲಪ್ಪ" ಅಂದರು ನಮ್ಮ ಲೀಡ್. ಕಸ್ಟಮರ್ ಅಂದರೆ ಅವರ ಲೆಕ್ಕದಲ್ಲಿ ಲಾರಿ ಕಂಪನಿ, ಮಾವ ಅಲ್ಲ. ಮುಂದಿನ ರಿವ್ಯೂನಲ್ಲಿ ಮತ್ತೆ ಎತ್ತಬೇಕು.

ಮಾವ ಈಗ ಯೂರಿಯಾ ಕ್ಯಾನ್ ತಂದಾಗಲೆಲ್ಲ ಬಿಲ್ಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸ್ತಾರೆ. ಜೊತೆಗೆ ಏನೂ ಬರೆದಿರಲ್ಲ. ಮೊದಲ ಎರಡು ಸಲ ಮರುಮಾತಾಡದೆ ದುಡ್ಡು ಹಾಕಿದೆ. ಮೂರನೇ ಸಲ ಹಾಕಿದ್ದನ್ನ ಅವರು ವಾಪಸ್ ಕಳಿಸಿದರು. ಫೋಟೋ ಮಾತ್ರ ಈಗಲೂ ಬರ್ತಿದೆ.